ಏರಿನಲ್ಲಿ ಮಾತ್ರ ಬರುವ ಸಪ್ಪಳ: ಹೊಸ ಕ್ಲಿಪ್‌ಲೆಸ್ ಪೆಡಲಿನ ದೋಷ ಹುಡುಕುವ ಬಗೆ

ದೋಷ ಇದು. ಸಪಾಟು ರಸ್ತೆಯಲ್ಲಿ ಸೈಕಲ್ ಮೌನಿ. ಏರು ಶುರುವಾಗಿ, ಗೇರು ಇಳಿಸಿ, ಬಲ ಹಾಕಿ ತುಳಿದ ಕೂಡಲೇ ‘ಕಟ್’. ಪ್ರತಿ ಸುತ್ತಿಗೆ ಒಂದೇ ಸಲ, ಎಡಗಾಲು ಕೆಳಗೆ ಹೋಗುವಾಗ. ಏರು ಮುಗಿದರೆ ಸಪ್ಪಳವೂ ಮುಗಿಯಿತು. ಮನೆಯಲ್ಲಿ ಸೈಕಲ್ ಬೋರಲು ಹಾಕಿ ಕೈಯಿಂದ ಪೆಡಲ್ ತಿರುಗಿಸಿದರೆ ಏನೂ ಕೇಳುವುದಿಲ್ಲ. ಹೊಸ ಕ್ಲಿಪ್‌ಲೆಸ್ ಪೆಡಲ್ (ಬೂಟನ್ನು ಸಿಕ್ಕಿಸಿಕೊಂಡು ತುಳಿಯುವಂಥದ್ದು) ಹಾಕಿದ ಮೂರನೆಯ ವಾರಕ್ಕೆ ನನಗೆ ಗಂಟುಬಿದ್ದದ್ದು ಈ ಸಪ್ಪಳ.

ಬೀದರ್‌ನಲ್ಲಿ ಸೈಕಲ್ ತುಳಿಯುವವರನ್ನು ಇದು ಇನ್ನೂ ಚೆನ್ನಾಗಿ ದಾರಿ ತಪ್ಪಿಸುತ್ತದೆ. ಊರು ಕೂತಿರುವುದು ಪ್ರಸ್ಥಭೂಮಿಯ ಅಂಚಿನ ಮೇಲೆ. ಪೂರ್ವಕ್ಕೆ ಅಷ್ಟೂರಿನ ಕಡೆ ಹೊರಟರೆ ಉತಾರ. ಸೂಫಿ ಸಂತರ ಸಮಾಧಿಯಾದ ಚೌಖಂಡಿ ದಾಟಿ ಬಹಮನಿ ಸುಲ್ತಾನರ ಗುಮ್ಮಟಗಳ ತನಕ ಕಾಲಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ತಿರುಗಿ ಬರುವಾಗ ಅದೇ ರಸ್ತೆ ಏರು. ಹಾಗಾಗಿ ಸಪ್ಪಳ ಬರುವುದು ಯಾವಾಗಲೂ ದಣಿದು ಮನೆಗೆ ಮರಳುವಾಗ. ಮನೆ ಮುಟ್ಟಿ, ನೀರು ಕುಡಿದು, ಅಂಗಳದಲ್ಲಿ ಒಂದು ಸುತ್ತು ಹೊಡೆದು ನೋಡಿದರೆ ಸೈಕಲ್ ಸಾಧು. ಮುಂದಿನ ವಾರ ನೋಡಿದರಾಯಿತು ಎಂದು ಮೂರು ಭಾನುವಾರ ದೂಡಿದೆ. ಆ ದೂಡಿದ್ದಕ್ಕೆ ಮೊಣಕೈಯಲ್ಲಿ ಇನ್ನೂ ಕಲೆ ಇದೆ. ಆ ಕಥೆ ಮುಂದೆ ಬರುತ್ತದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕಿವಿ ಹೇಳಿದ್ದನ್ನು ನಂಬಿದೆ. ಸಪ್ಪಳ ಎರಡೂ ಕಾಲಿನ ನಡುವೆ, ಕೆಳಗಿನಿಂದ ಬಂದಂತೆ ಕೇಳಿಸಿತು. ಅಲ್ಲಿರುವುದು ಬಾಟಮ್ ಬ್ರ್ಯಾಕೆಟ್, ಅಂದರೆ ಕ್ರ್ಯಾಂಕಿನ (ಪೆಡಲ್ ಹೊತ್ತ ತೋಳಿನ) ಅಚ್ಚು ಕೂರುವ ಬೇರಿಂಗ್. ದುಕಾನಿಗೆ ಹೋಗಿ ನಾನೇ ನಿಂತು ಅದನ್ನು ಬಿಚ್ಚಿಸಿದೆ, ತೊಳೆಸಿ ಹೊಸ ಗ್ರೀಸ್ ತುಂಬಿಸಿದೆ. ಒಂದು ದಿನ ಹೋಯಿತು, ದುಡ್ಡೂ ಹೋಯಿತು, ಸಪ್ಪಳ ಮಾತ್ರ ಹೋಗಲಿಲ್ಲ. ಏಕತಾರಿಯಲ್ಲಿ ಬೆರಳು ಮೀಟುವುದು ತಂತಿಯನ್ನು, ದನಿ ಬರುವುದು ಬುರುಡೆಯಿಂದ. ಸೈಕಲ್ಲಿನ ಟೊಳ್ಳು ಕೊಳವೆಗಳೂ ಹಾಗೇ. ಸೀಟಿನ ಕೆಳಗೆ ಕಿರುಗುಟ್ಟಿದ್ದು ಪೆಡಲಿನಲ್ಲಿ ಕೇಳುತ್ತದೆ, ಪೆಡಲಿನದ್ದು ಹ್ಯಾಂಡಲ್ಲಿನಲ್ಲಿ. ಕಿವಿ ಇಟ್ಟು ಜಾಗ ಹುಡುಕುವ ಕೆಲಸಕ್ಕೆ ಹೋಗಲೇಬೇಡಿ.

ಅವತ್ತು ದುಕಾನಿನವರು ಸೈಕಲ್ ಕೊಡುವಾಗ ಚಪ್ಪಲಿ ಕಾಲಲ್ಲೇ ಹತ್ತಿ ಒಂದು ಸುತ್ತು ಹೋಗಿ ಬಂದು, “ಸರ್, ನಾ ತುಳದ್ರ ಸಪ್ಪಳೇ ಬರಲ್ದು. ನಿಮ್ಮ ಬೂಟಿನಾಗ ಏನರ ಅದ ನೋಡ್ರಿ” ಎಂದರು. ಉತ್ತರ ಅಲ್ಲೇ ಇತ್ತು. ರಿಪೇರಿಗೆ ಬಂದ ಸೈಕಲ್ಲಿನ ಮಾಲೀಕನ ಬೂಟಿನ ಬಗ್ಗೆ ಇವರೇನು ಹೇಳುವುದು ಎಂದುಕೊಂಡು ನಾನು ಕೇಳಿಸಿಕೊಳ್ಳಲಿಲ್ಲ.

ಹೆಸರಿನ ಬಗ್ಗೆ ಎರಡು ಮಾತು, ಯಾಕೆಂದರೆ ಹೊಸಬರೆಲ್ಲ ಇಲ್ಲಿ ಎಡವುತ್ತಾರೆ. ಕ್ಲಿಪ್‌ಲೆಸ್ ಎಂದರೆ ಕ್ಲಿಪ್ ಇಲ್ಲದ್ದು. ಆದರೆ ಬೂಟು ಅದರೊಳಗೆ ‘ಟಕ್’ ಎಂದು ಸಿಕ್ಕಿಕೊಳ್ಳುತ್ತದೆ! ಹಿಂದೆ ರೇಸಿನವರು ಪೆಡಲಿನ ಮುಂದೆ ಒಂದು ಪಂಜರ, ಅದಕ್ಕೊಂದು ಚರ್ಮದ ಪಟ್ಟಿ ಹಾಕಿ ಕಾಲು ಬಿಗಿಯುತ್ತಿದ್ದರು. ಆ ಪಂಜರಕ್ಕೆ ಟೋ ಕ್ಲಿಪ್ ಎಂದು ಹೆಸರು. ಅದಿಲ್ಲದ್ದು ಕ್ಲಿಪ್‌ಲೆಸ್. ಹಿಮದ ಮೇಲೆ ಜಾರುವ ಸ್ಕೀಗೆ ಬೂಟು ಹಿಡಿಸುವ ಕೊಂಡಿ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇದನ್ನು ಸೈಕಲ್ಲಿಗೆ ತಂದಿತು. ಮರುವರ್ಷ ಬರ್ನಾರ್ಡ್ ಈನೊ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಬೂಟಿನ ಅಡಿಗೆ ಬೋಲ್ಟ್ ಹಾಕಿ ಕೂರಿಸುವ ತುಂಡಿಗೆ ಕ್ಲೀಟ್ ಎನ್ನುತ್ತಾರೆ. ರೋಡ್ ಸೈಕಲ್ಲಿನವರು ಹೆಚ್ಚಾಗಿ ಮೂರು ಬೋಲ್ಟಿನ ದೊಡ್ಡ ಪ್ಲಾಸ್ಟಿಕ್ ಕ್ಲೀಟ್ ಹಾಕುತ್ತಾರೆ. ನನ್ನದು ಎರಡು ಬೋಲ್ಟಿನ ಸಣ್ಣ ಲೋಹದ ಕ್ಲೀಟ್, ಶಿಮಾನೊ 1990ರಲ್ಲಿ ತಂದ ಎಸ್‌ಪಿಡಿ ಮಾದರಿ. ನಮ್ಮ ಕಡೆ ಇದೇ ಸರಿ ಎನ್ನುವುದು ನನ್ನ ಖಾಯಂ ವಾದ. ಸುಸಲಾ ತಿನ್ನಲು ಇಳಿದರೆ ನಾಲ್ಕು ಹೆಜ್ಜೆ ನಡೆಯಲೇಬೇಕು, ಹೋಟೆಲಿನ ಮುಂದೆ ಹಾಸಿದ್ದು ಶಹಾಬಾದಿ ಫರಸಿ. ಪ್ಲಾಸ್ಟಿಕ್ ಕ್ಲೀಟಿನಲ್ಲಿ ಅದರ ಮೇಲೆ ಕಾಲಿಟ್ಟವರು ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆದಂತೆ ನಡೆಯುತ್ತಾರೆ.

ಪಾನಾ ಹಿಡಿಯುವ ಮೊದಲು

ಒಂದು ಸಣ್ಣ ಏರು ಗೊತ್ತುಮಾಡಿಕೊಳ್ಳಿ. ಅರ್ಧ ಕಿಲೋಮೀಟರ್ ಸಾಕು, ಆದರೆ ಪ್ರತಿ ಸಲ ಅದೇ ಏರು, ಅದೇ ಗೇರು. ನಾನು ಚೌಖಂಡಿಯ ಕೆಳಗಿನ ತುಂಡನ್ನು ಹಿಡಿದೆ. ಮೇಲೆ ಹೋಗುವುದು, ಇಳಿದು ಬರುವುದು, ಒಂದೇ ಒಂದು ಸಂಗತಿ ಬದಲಿಸಿ ಮತ್ತೆ ಹೋಗುವುದು. ಎರಡು ಒಟ್ಟಿಗೆ ಬದಲಿಸಿದರೆ ಸಪ್ಪಳ ನಿಂತರೂ ಯಾವುದರಿಂದ ನಿಂತಿತು ಎನ್ನುವುದು ತಿಳಿಯುವುದಿಲ್ಲ, ಹದಿನೈದು ದಿನದಲ್ಲಿ ಅದು ಮತ್ತೆ ಬಂದಾಗ ಮೊದಲಿಂದ ಶುರು.

ಮೊದಲ ಸಲ ಕೂತು ತುಳಿಯಿರಿ, ಎರಡನೆಯ ಸಲ ಸೀಟಿನಿಂದ ಎದ್ದು ನಿಂತು ತುಳಿಯಿರಿ. ನಿಂತಾಗ ಸಪ್ಪಳ ಪೂರ್ತಿ ನಿಂತರೆ ಪೆಡಲ್ ಬಿಟ್ಟುಬಿಡಿ, ದೋಷ ಸೀಟಿನಲ್ಲಿದೆ: ಸೀಟಿನ ಕೆಳಗಿನ ಕಂಬಿ ಹಿಡಿದ ಬೋಲ್ಟ್, ಇಲ್ಲವೇ ಸೀಟಿನ ಕಂಬ ಕೊಳವೆಯೊಳಗೆ ಹೋಗುವ ಜಾಗ. ನಿಂತಾಗ ಜಾಸ್ತಿಯಾದರೆ ಪೆಡಲ್, ಕ್ರ್ಯಾಂಕ್ ಅಥವಾ ಹ್ಯಾಂಡಲ್. ಹ್ಯಾಂಡಲ್ಲನ್ನು ಬೇರೆ ಮಾಡುವುದು ಸುಲಭ. ಸೈಕಲ್ ನಿಲ್ಲಿಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ಲಿನ ಎರಡು ತುದಿಯನ್ನು ಒಂದಾದ ಮೇಲೊಂದು ಕೆಳಗೆ ಒತ್ತಿ. ಅಲ್ಲೇ ಕಿರ್ ಎಂದರೆ ಸಿಕ್ಕಿತು.

ಆಮೇಲೆ ಲೆಕ್ಕ. ಎಷ್ಟು ಸುತ್ತಿಗೆ ಒಮ್ಮೆ ಬರುತ್ತದೆ? ಪೆಡಲಿನ ಒಂದು ಸುತ್ತಿಗೆ ಒಂದು ಸಲ, ಅದೂ ಒಂದೇ ಕಾಲಿನ ಒತ್ತಿಗೆ ಬಂದರೆ, ಆ ಬದಿಯ ಕ್ಲೀಟ್, ಪೆಡಲ್ ಅಥವಾ ಕ್ರ್ಯಾಂಕ್. ಎರಡೂ ಕಾಲಿಗೆ ಬಂದರೆ ನಡುವಿನ ಬೇರಿಂಗನ್ನು ಅನುಮಾನಿಸಬಹುದು. ತುಳಿಯುವುದು ಬಿಟ್ಟು ಸೈಕಲ್ ತಾನೇ ಉರುಳುವಾಗಲೂ ಬಂದರೆ ಗಾಲಿಯದ್ದು. ಮೂರು ಸುತ್ತಿಗೆ ಒಮ್ಮೆ ಟಿಕ್ ಎಂದರೆ ಚೈನಿನದ್ದು. 108 ಕೊಂಡಿಯ ಚೈನು, ಮುಂದಿನ ಚಕ್ರದಲ್ಲಿ 34 ಹಲ್ಲು ಇದ್ದರೆ, ಒಂದು ಕೊಂಡಿ ಸುತ್ತಿ ಬಂದು ಅದೇ ಜಾಗ ಮುಟ್ಟಲು ಪೆಡಲ್ ಮೂರು ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕು. ಏರಿನಲ್ಲಿ ಉಸಿರು ಬಿಗಿಹಿಡಿದು ಇದನ್ನು ಎಣಿಸುವುದು ಕಷ್ಟ. ಜೊತೆಗಿದ್ದವರನ್ನು ಪಕ್ಕದಲ್ಲಿ ಬರಲು ಹೇಳಿ, ನೀವು ಎಡಗಾಲು ಒತ್ತಿದಾಗೆಲ್ಲ ‘ಹೂಂ’ ಅನ್ನಿ, ಅವರು ಎಣಿಸಲಿ.

ಇನ್ನು ಚಪ್ಪಲಿ. ನನ್ನ ಕೇಳಿದರೆ ಕ್ಲಿಪ್‌ಲೆಸ್ ಪೆಡಲಿನ ದೋಷ ಹುಡುಕಲು ಇದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ, ಮತ್ತು ಎಲ್ಲರ ಮನೆ ಬಾಗಿಲಲ್ಲೂ ಇದೆ. ಬೂಟು ಬಿಚ್ಚಿಟ್ಟು ರಬ್ಬರ್ ಚಪ್ಪಲಿಯಲ್ಲಿ ಅದೇ ಏರು ಹತ್ತಿ. ಕೂತೇ ತುಳಿಯಿರಿ, ನಿಲ್ಲಬೇಡಿ. ಪೆಡಲ್ ಸಣ್ಣದು, ಚಪ್ಪಲಿ ಜಾರುತ್ತದೆ. ಸಪ್ಪಳ ಹಾಗೇ ಇದ್ದರೆ ಸೈಕಲ್ಲಿನದ್ದು. ಹೋದರೆ ಬೂಟು, ಕ್ಲೀಟ್, ಅಥವಾ ಕ್ಲೀಟನ್ನು ಹಿಡಿಯುವ ಪೆಡಲಿನ ದವಡೆ. ಈ ಒಂದು ಪರೀಕ್ಷೆ ಅರ್ಧ ಸೈಕಲ್ಲನ್ನು ಲೆಕ್ಕದಿಂದ ತೆಗೆದುಹಾಕುತ್ತದೆ. ದುಕಾನಿನವರು ಬಿಟ್ಟಿಯಾಗಿ ಮಾಡಿ ತೋರಿಸಿದ್ದು ಇದನ್ನೇ.

ಬೂಟಿನ ಅಡಿ

ಆ ಭಾನುವಾರ ನವರಾತ್ರಿ ಮುಗಿದು ವಾರವಾಗಿತ್ತು. ಮಳೆ ನಿಂತರೂ ರಸ್ತೆ ಬದಿಯಲ್ಲಿ ಕೆಂಪು ಮಣ್ಣು ಇನ್ನೂ ಹಸಿ. ಏರಿನ ಅರ್ಧದಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂತು. ನಾನು ರೂಢಿಯಂತೆ ಎಡಗಾಲಿನ ಹಿಮ್ಮಡಿಯನ್ನು ಹೊರಕ್ಕೆ ತಿರುವಿದೆ. ಹಿಮ್ಮಡಿ ತಿರುಗಿತು, ಬೂಟು ತಿರುಗಿತು, ಬಿಡುಗಡೆಯ ‘ಟಕ್’ ಬರಲಿಲ್ಲ. ಇನ್ನೂ ತಿರುವಿದೆ. ಬೂಟು ನಲ್ಲಿಯಂತೆ ಸಲೀಸಾಗಿ ತಿರುಗುತ್ತಿದೆ, ಪೆಡಲ್ ಬಿಡುತ್ತಿಲ್ಲ. ಅಷ್ಟೊತ್ತಿಗೆ ಸೈಕಲ್ ನಿಂತೇ ಹೋಗಿತ್ತು. ನಿಂತ ಸೈಕಲ್ ಎಡಕ್ಕೆ ವಾಲಿತು, ಅದರ ಜೊತೆ ನಾನೂ, ಬಹಳ ನಿಧಾನವಾಗಿ, ಬೀಳುತ್ತಿದ್ದೇನೆ ಎಂದು ಪೂರಾ ತಿಳಿದೇ ಬಿದ್ದೆ.

ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರು ಬಂದು ನಿಂತು ನೋಡಿದರು. “ಏ ತಮ್ಮಾ, ಕಾಲು ಸೈಕಲ್‌ಗಿ ಕಟ್ಟಕೊಂಡು ಹೊಂಟಿಯೇನು?”

“ಕಟ್ಟಿಲ್ರಿ ಕಾಕಾ, ಕೀಲಿ ಬಿದ್ದದ.”

“ಮತ್ತ ಕೀಲಿಕೈ ಎಲ್ಲಿಟ್ಟಿ?”

ಮಲಗಿದಲ್ಲೇ ಬೂಟಿನ ಪಟ್ಟಿ ಬಿಚ್ಚಿ ಕಾಲು ಹೊರಗೆಳೆದೆ. ಬೂಟು ಪೆಡಲಿಗೆ ಜೋತುಬಿದ್ದೇ ಇತ್ತು. ಇಂಥ ಹೊತ್ತಲ್ಲಿ ಮಾಡಬೇಕಾದದ್ದು ಇಷ್ಟೇ: ಕಾಲು ತಿರುವುತ್ತ ಗುದ್ದಾಡಬೇಡಿ, ಬೂಟಿನಿಂದ ಕಾಲು ತೆಗೆಯಿರಿ. ಓಡುತ್ತಿರುವಾಗಲೇ ಗೊತ್ತಾದರೆ ಇನ್ನೊಂದು ಕಾಲು ಬಿಡಿಸಿಕೊಂಡು ಆ ಬದಿಗೆ ವಾಲಿ ನಿಲ್ಲಿ.

ಬೂಟು ಕೈಯಲ್ಲಿ ಹಿಡಿದು ಮಗುಚಿ ನೋಡಿದಾಗ ಎಲ್ಲ ತಿಳಿಯಿತು. ಕ್ಲೀಟಿಗೆ ಎರಡು ಬೋಲ್ಟ್ ಇರಬೇಕು, ಇದ್ದದ್ದು ಒಂದು. ಇನ್ನೊಂದರ ತೂತಿನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು, ಬಿದ್ದು ಹೋಗಿ ದಿನವಾಗಿತ್ತು ಎಂದರ್ಥ. ಒಂದೇ ಬೋಲ್ಟಿನ ಮೇಲೆ ಕ್ಲೀಟ್ ಬಾಗಿಲ ತಿರುಗಣಿಯಂತೆ ತಿರುಗುತ್ತದೆ. ಪೆಡಲ್ ಬಿಡಬೇಕಾದರೆ ಬೂಟಿನ ಜೊತೆ ಕ್ಲೀಟೂ ತಿರುಗಿ ದವಡೆಯನ್ನು ಅಗಲಿಸಬೇಕು. ಇಲ್ಲಿ ಬೂಟು ಮಾತ್ರ ತಿರುಗಿತು, ಕ್ಲೀಟ್ ದವಡೆಯಲ್ಲೇ ಉಳಿಯಿತು. ಮೂರು ಭಾನುವಾರದ ‘ಕಟ್ ಕಟ್’ ಎಂದರೆ ಈ ಬೋಲ್ಟುಗಳು ಸಡಿಲವಾಗುತ್ತ ಕ್ಲೀಟ್ ಅಟ್ಟೆಯ ಮೇಲೆ ಕೂದಲೆಳೆಯಷ್ಟು ಅಲುಗಿದ ಸಪ್ಪಳ.

ನಾನು ಬೋಲ್ಟ್ ಬಿಗಿದೇ ಇರಲಿಲ್ಲ ಎಂದಲ್ಲ. ಮೊದಲ ದಿನ ಚೆನ್ನಾಗಿಯೇ ಬಿಗಿದಿದ್ದೆ. ಕ್ಲೀಟಿನ ಅಟ್ಟೆಯ ಕಡೆಗೆ ಸಣ್ಣ ಹಲ್ಲುಗಳಿರುತ್ತವೆ, ಅವು ಅಟ್ಟೆಯನ್ನು ಕಚ್ಚಿ ಹಿಡಿಯಬೇಕು. ಹೊಸ ಬೂಟಿನಲ್ಲಿ ಮೊದಲ ಎರಡು ಸವಾರಿಯ ಒತ್ತಡಕ್ಕೆ ಆ ಹಲ್ಲು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಲ್ಲು ಇಳಿದಷ್ಟು ಬೋಲ್ಟಿನ ಬಿಗಿ ಕಳೆಯುತ್ತದೆ. ಆದ್ದರಿಂದ ಮೊದಲ ಸವಾರಿ ಮುಗಿಸಿ ಬಂದ ಸಂಜೆ ಒಮ್ಮೆ, ಮುಂದಿನ ವಾರ ಒಮ್ಮೆ ಬಿಗಿಯಲೇಬೇಕು. ನಾನು ಅದನ್ನು ಮಾಡಲಿಲ್ಲ.

ಆಮೇಲೆ ನೋಡಿದ್ದೆ, ಆದರೆ ನೋಡಿದ ರೀತಿ ತಪ್ಪು. ಹೆಬ್ಬೆರಳಿನಿಂದ ಕ್ಲೀಟ್ ಒತ್ತಿ ಅಲುಗಿಸಿದೆ, ಅಲುಗಲಿಲ್ಲ. ಅಂಚಿನ ಸುತ್ತ ಒಣಗಿದ ಮಣ್ಣು ಗಾರೆಯಂತೆ ಹಿಡಿದುಕೊಂಡಿತ್ತು. ಬೋಲ್ಟಿನ ತಲೆಗೆ ಅಲೆನ್ ಕೀ ಹಾಕಿ ತಿರುವಿದೆ, ತಿರುಗಲಿಲ್ಲ, ಬಿಗಿ ಇದೆ ಎಂದುಕೊಂಡೆ. ನಿಜವೆಂದರೆ ತಲೆಯ ಗುಣಿಯಲ್ಲಿ ಮಣ್ಣು ತುಂಬಿ ಕೀ ಅರ್ಧಕ್ಕೇ ನಿಂತಿತ್ತು. ನೀವು ಮಾಡುವುದಾದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಡಿ ತೊಳೆಯಿರಿ, ಸೇಫ್ಟಿ ಪಿನ್ನಿನ ಮೊನೆಯಿಂದ ಗುಣಿಯ ಆರೂ ಮೂಲೆಯ ಮಣ್ಣು ಕೆದಕಿ, 4 ಮಿ.ಮೀ. ಕೀ ತಳ ಮುಟ್ಟಿ ಕೂತಿದೆಯೇ ನೋಡಿ. ಆಮೇಲಷ್ಟೇ ತಿರುವಿ. ಆಮೇಲೆ ಬೂಟನ್ನು ಕೈಯಲ್ಲಿ ಪೆಡಲಿಗೆ ಸಿಕ್ಕಿಸಿ, ಹಿಮ್ಮಡಿ ಹಿಡಿದು ಎಡಬಲ ತಿರುವುತ್ತ ಅಟ್ಟೆಗೂ ಕ್ಲೀಟಿಗೂ ನಡುವಿನ ಗೆರೆಯನ್ನು ನೋಡಿ. ಎರಡೂ ಒಟ್ಟಿಗೆ ತಿರುಗಬೇಕು. ಪೆಡಲಿನ ಒಳಗೆ ಸುಮಾರು 4 ಡಿಗ್ರಿ ಆಟ ಇರುವುದು ಸಹಜ, ಎಸ್‌ಪಿಡಿಯನ್ನು ಮಾಡಿರುವುದೇ ಹಾಗೆ. ಅಟ್ಟೆಗೂ ಕ್ಲೀಟಿಗೂ ನಡುವೆ ಮಾತ್ರ ಆಟ ಇರಕೂಡದು.

ಎಷ್ಟು ಬಿಗಿಯಬೇಕು? ಶಿಮಾನೊ ಹೇಳುವುದು 5ರಿಂದ 6 ನ್ಯೂಟನ್ ಮೀಟರ್. ಈ ಬಿಗಿ ಅಳೆಯುವ ಟಾರ್ಕ್ ಪಾನಾ ಎಲ್ಲರ ಹತ್ತಿರ ಇರುವುದಿಲ್ಲ. ನಾನು ಮನೆಯಲ್ಲಿ ಸಾಮಾನು ತೂಗುವ ಕೊಕ್ಕೆ ತಕ್ಕಡಿ ಬಳಸಿದೆ. ಅಲೆನ್ ಕೀಯ ಉದ್ದದ ತೋಳಿನ ಮೇಲೆ, ಬೋಲ್ಟಿನಿಂದ 8 ಸೆಂ.ಮೀ. ದೂರಕ್ಕೆ ಗುರುತು ಹಾಕಿ, ಅಲ್ಲಿ ಕೊಕ್ಕೆ ಸಿಕ್ಕಿಸಿ ತೋಳಿಗೆ ನೇರ ಅಡ್ಡಲಾಗಿ ಎಳೆದೆ. ತಕ್ಕಡಿ ಆರೂವರೆ ಕಿಲೋ ತೋರಿಸಿದರೆ 5 ನ್ಯೂಟನ್ ಮೀಟರ್ ದಾಟಿತು. ಒಂದು ಬೋಲ್ಟನ್ನು ಪೂರಾ ಬಿಗಿದು ಇನ್ನೊಂದಕ್ಕೆ ಹೋಗಬೇಡಿ, ಅದು ಸ್ವಲ್ಪ ಇದು ಸ್ವಲ್ಪ ಎಂದು ಬಿಗಿಯುತ್ತ ಬನ್ನಿ. ಬೋಲ್ಟಿನ ಮರೆಗೆ, ಅಂದರೆ ಸುರುಳಿ ಗೆರೆಗೆ, ಗ್ರೀಸ್ ತೆಳ್ಳಗೆ ಸವರಿ. ಒಣ ಬೋಲ್ಟ್ ಕಿರುಗುಟ್ಟುತ್ತದೆ, ಬಿಗಿದಂತೆ ನಟಿಸುತ್ತದೆ, ಮಳೆಗಾಲ ಕಳೆದ ಮೇಲೆ ತುಕ್ಕು ಹಿಡಿದು ಬಿಚ್ಚಲೂ ಬರುವುದಿಲ್ಲ.

ಬೋಲ್ಟ್ ದಾರಿಯಲ್ಲಿ ಬಿದ್ದುಹೋದರೆ ಏನು ಮಾಡುವುದು? ಅವತ್ತು ನಾನು ಉಳಿದ ಒಂದನ್ನೂ ಬಿಚ್ಚಿ, ಕ್ಲೀಟ್ ಜೇಬಿಗೆ ಹಾಕಿಕೊಂಡು, ಬರೀ ಅಟ್ಟೆಯಲ್ಲಿ ಮೆಲ್ಲಗೆ ತುಳಿಯುತ್ತ ಊರು ಮುಟ್ಟಿದೆ. ಒಂದೇ ಬೋಲ್ಟಿನಲ್ಲಿ ಮತ್ತೆ ಸಿಕ್ಕಿಸಿಕೊಂಡು ಹೋಗುವ ಧೈರ್ಯ ಯಾರೂ ಮಾಡಬಾರದು. ನೀರಿನ ಬಾಟಲಿ ಕೂರುವ ಸ್ಟ್ಯಾಂಡಿನ ಬೋಲ್ಟ್ ಕೂಡ ಅದೇ 5 ಮಿ.ಮೀ.ದ್ದು, ಮರೆ ಹಿಡಿಯುತ್ತದೆ. ಆದರೆ ತಲೆ ಎತ್ತರವಾಗಿ ಪೆಡಲಿಗೆ ತಾಗಬಹುದು, ಅದನ್ನು ನಂಬಿ ಏರು ಹತ್ತಬೇಡಿ.

ಕ್ಲೀಟ್ ಸರಿ ಇದ್ದೂ ಸಪ್ಪಳ ಬಂದರೆ

ಹೊಸ ಬೋಲ್ಟ್ ಹಾಕಿ ಮತ್ತೆ ಅದೇ ಏರಿಗೆ ಹೋದೆ. ‘ಕಟ್’ ಹೋಗಿತ್ತು, ಆದರೆ ಬಲಗಡೆಯಿಂದ ಸಣ್ಣ ‘ಕರ್ರ್’ ಉಳಿದಿತ್ತು. ಇದು ಚಪ್ಪಲಿಯಲ್ಲೂ ಬಂತು. ಅಂದರೆ ಸೈಕಲ್ಲಿನದ್ದು, ಬಲಗಾಲಿನ ಒತ್ತಿಗೆ ಮಾತ್ರ, ಸುತ್ತಿಗೊಮ್ಮೆ. ಪೆಡಲಿನ ಅಚ್ಚು ಕ್ರ್ಯಾಂಕಿಗೆ ಸೇರುವ ಮರೆಯನ್ನು ನೋಡುವ ಸರದಿ.

ಪೆಡಲ್ ಬಿಚ್ಚುವಾಗ ಒಂದು ಸಂಗತಿ ಗೊತ್ತಿರಲಿ. ಎಡ ಪೆಡಲಿನ ಮರೆ ಉಲ್ಟಾ. ಬಲದ್ದು ಎಲ್ಲ ಬೋಲ್ಟಿನಂತೆ, ಎಡದ್ದು ಅದಕ್ಕೆ ವಿರುದ್ಧ. ಇದು ತಿಳಿಯದೆ ಜೋರು ಹಾಕಿ ಕ್ರ್ಯಾಂಕಿನ ಮರೆ ಕಿತ್ತುಕೊಂಡವರನ್ನು ನೋಡಿದ್ದೇನೆ. ನೆನಪಿಡಲು ಸುಲಭದ ದಾರಿ: ಪಾನಾದ ಹಿಡಿ ಮೇಲಿರುವಾಗ ಅದನ್ನು ಮುಂದಿನ ಗಾಲಿಯ ಕಡೆ ತಳ್ಳಿದರೆ ಬಿಗಿ, ಹಿಂದಿನ ಗಾಲಿಯ ಕಡೆ ಎಳೆದರೆ ಸಡಿಲ. ಎರಡೂ ಬದಿಗೆ ಇದು ಒಂದೇ. ಹೊರಗಿನಿಂದ 15 ಮಿ.ಮೀ. ಪಾನಾ ಹಾಕಿದರೂ ಸರಿ, ಒಳಗಿನಿಂದ ಅಲೆನ್ ಕೀ ಹಾಕಿದರೂ ಸರಿ, ದಿಕ್ಕು ಬದಲಾಗುವುದಿಲ್ಲ. ಅಂದಹಾಗೆ ಚೈನನ್ನು ಮುಂದಿನ ದೊಡ್ಡ ಚಕ್ರಕ್ಕೆ ಹಾಕಿಕೊಂಡು ಈ ಕೆಲಸ ಮಾಡಿ. ಪಾನಾ ಜಾರಿದರೆ ಬೆರಳಗೆಣ್ಣು ಹೋಗಿ ಬಡಿಯುವುದು ಆ ಹಲ್ಲುಗಳಿಗೆ.

ನನ್ನ ಬಲ ಪೆಡಲ್ ಬಿಚ್ಚಿ ಬಂದಾಗ ಮರೆ ಬೆಳ್ಳಗೆ ಹೊಳೆಯುತ್ತಿತ್ತು. ಗ್ರೀಸಿನ ಕುರುಹೂ ಇಲ್ಲ, ಹಾಕಿದವನು ನಾನೇ. ಬಟ್ಟೆಯಿಂದ ಎರಡೂ ಕಡೆಯ ಮರೆ ಒರೆಸಿ, ಗ್ರೀಸ್ ಸವರಿ, ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ ಕೂರಿಸಿದೆ. ಬೆರಳಲ್ಲಿ ಹೋಗದಿದ್ದರೆ ಮರೆ ಅಡ್ಡ ಹಿಡಿದಿದೆ ಎಂದರ್ಥ, ತೆಗೆದು ಮೊದಲಿಂದ ಹಾಕಿ. ಇದಕ್ಕೆ ಬಿಗಿ ಜಾಸ್ತಿ ಬೇಕು, 35 ನ್ಯೂಟನ್ ಮೀಟರಿಗೆ ಕಡಿಮೆ ಇಲ್ಲದಂತೆ. ಲೆಕ್ಕ ಹಾಕಿದರೆ 15 ಸೆಂ.ಮೀ. ಉದ್ದದ ಪಾನಾದ ತುದಿಗೆ 24 ಕಿಲೋ ಭಾರ ಹಾಕಿದಷ್ಟು. ಸಣ್ಣ ಮಲ್ಟಿಟೂಲಿನಲ್ಲಿ ಕೂತಲ್ಲೇ ಬಿಗಿದರೆ ಇದರ ಅರ್ಧವೂ ಆಗುವುದಿಲ್ಲ.

ಪೆಡಲಿನ ಬೇರಿಂಗ್ ನೋಡಲು ಬಿಚ್ಚಬೇಕಿಲ್ಲ. ಪೆಡಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ‘ಟುಕ್’ ಎಂದು ಆಟ ಸಿಕ್ಕರೆ ಬೇರಿಂಗ್ ಸಡಿಲ. ತಿರುಗಿಸಿದಾಗ ಮರಳು ಅರೆದಂತೆ ಕೈಗೆ ತಿಳಿದರೆ ಒಳಗೆ ಧೂಳು ಹೊಕ್ಕಿದೆ. ಹೊಸ ಪೆಡಲಿನಲ್ಲಿ ಎರಡೂ ಅಪರೂಪ. ದವಡೆಗೂ ಕ್ಲೀಟಿಗೂ ನಡುವೆ ಒಣಗಿ ಕಿರುಗುಟ್ಟಿದರೆ ಒಂದು ಹನಿ ಎಣ್ಣೆ ಹಾಕಿ, ಆಮೇಲೆ ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಎಣ್ಣೆ ಉಳಿದರೆ ನಮ್ಮ ಕೆಂಪು ಧೂಳು ಅದಕ್ಕೆ ಅಂಟಿ ಸಾಣೆಯ ಪುಡಿಯಾಗುತ್ತದೆ.

ಉಳಿದ ಅನುಮಾನಿತರನ್ನು ಬೇಗ ಮುಗಿಸೋಣ. ಕ್ರ್ಯಾಂಕಿನ ಬೋಲ್ಟ್, ಮುಂದಿನ ಹಲ್ಲಿನ ಚಕ್ರ ಹಿಡಿದ ಐದೋ ನಾಲ್ಕೋ ಸಣ್ಣ ಬೋಲ್ಟುಗಳು, ಹಿಂದಿನ ಗಾಲಿಯ ಬಿಗಿ ಹಿಡಿ. ಮುಂದಿನ ಗೇರಿನ ತಂತಿಯ ತುದಿ ಹೊರಚಾಚಿ ಕ್ರ್ಯಾಂಕಿಗೆ ತಾಗುತ್ತಿದ್ದರೆ ಟಿಕ್ ಟಿಕ್ ಎನ್ನುತ್ತದೆ, ಬೆರಳಲ್ಲಿ ಒಳಗೆ ಮಡಚಿದರೆ ಮುಗಿಯಿತು. ಬೂಟಿನ ದಾರದ ತುದಿಯೂ ಇದೇ ಆಟ ಆಡುತ್ತದೆ. ಇವೆಲ್ಲ ಆದ ಮೇಲೆ ಕೊನೆಗೆ ಬಾಟಮ್ ಬ್ರ್ಯಾಕೆಟ್. ನಾನು ಶುರು ಮಾಡಿದ್ದು ಅಲ್ಲಿಂದ.

ಸಪ್ಪಳವಲ್ಲ, ಸಿಕ್ಕುತ್ತಿಲ್ಲ ಅಥವಾ ಬಿಡುತ್ತಿಲ್ಲ

ಬೂಟು ಪೆಡಲಿಗೆ ಸಿಕ್ಕದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಮಣ್ಣು. ಬೀದರ್‌ನ ಕೆಂಪು ಮುರುಮ ಪರವಾಗಿಲ್ಲ, ಒಣಗಿದ ಮೇಲೆ ಬೂಟು ಕಲ್ಲಿಗೆ ಬಡಿದರೆ ಉದುರುತ್ತದೆ. ಕಲಬುರಗಿ ಕಡೆ ತೊಗರಿ ಹೊಲದ ಬದುವಿನಲ್ಲಿ ಮಳೆಗಾಲದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಮಾತ್ರ ಕತೆ ಬೇರೆ. ಎರೆ ಮಣ್ಣು ಕ್ಲೀಟಿನ ಸುತ್ತ ಹೂರಣದಂತೆ ತುಂಬಿಕೊಳ್ಳುತ್ತದೆ, ಬಡಿದರೆ ಇನ್ನೂ ಒತ್ತಿಕೊಳ್ಳುತ್ತದೆ. ಕಡ್ಡಿಯಿಂದ ಕೆದಕಿ, ಬಾಟಲಿಯ ನೀರು ಪಿಚಕಾರಿ ಹೊಡೆಯುವುದೊಂದೇ ದಾರಿ.

ಬಿಡುವುದಕ್ಕೆ ಕಷ್ಟವಾದರೆ, ಮೊದಲು ಮೇಲೆ ಹೇಳಿದಂತೆ ಬೋಲ್ಟ್ ನೋಡಿ. ಬೋಲ್ಟ್ ಗಟ್ಟಿ ಇದ್ದರೆ ದವಡೆಯ ಸ್ಪ್ರಿಂಗಿನ ಬಿಗಿ ಜಾಸ್ತಿಯಾಗಿದೆ. ಪೆಡಲಿನ ಹಿಂದೆ ಸಣ್ಣ ಸ್ಕ್ರೂ ಇರುತ್ತದೆ, ಸಾಮಾನ್ಯವಾಗಿ 3 ಮಿ.ಮೀ. ಕೀ ಹಿಡಿಯುತ್ತದೆ. ಪಕ್ಕದಲ್ಲಿ ಕೂಡು, ಕಳೆ ಗುರುತು ಕೊಟ್ಟಿರುತ್ತಾರೆ. ಕಳೆಯ ಕಡೆ ತಿರುಗಿಸಿದರೆ ಸಡಿಲ. ಎರಡು ಬದಿಯೂ ಸಿಕ್ಕಿಸಬಹುದಾದ ಪೆಡಲಿನಲ್ಲಿ ಒಟ್ಟು ನಾಲ್ಕು ಸ್ಕ್ರೂ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಎರಡನ್ನು ಮಾತ್ರ ಸಡಿಲಿಸಿ, ಒಮ್ಮೆ ಸುಲಭ ಒಮ್ಮೆ ಬಿಗಿ ಎಂದು ತಲೆ ಕೆರೆದುಕೊಳ್ಳುತ್ತಾರೆ. ಹೊಸಬರಿಗೆ ಇನ್ನೊಂದು ಮಾತು: ಕ್ಲೀಟಿನಲ್ಲೇ ಎರಡು ಜಾತಿ. ಶಿಮಾನೊದ ಎಸ್‌ಎಚ್51 ಹಿಮ್ಮಡಿಯನ್ನು ಪಕ್ಕಕ್ಕೆ ತಿರುವಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್56 ಮೇಲಕ್ಕೆ ಓರೆಯಾಗಿ ಎಳೆದರೂ ಬಿಡುತ್ತದೆ. ಸಂತೆ, ಎಮ್ಮೆ, ಟಂಟಂ ಇರುವ ರಸ್ತೆಯಲ್ಲಿ ಕಲಿಯುವವರಿಗೆ ಎರಡನೆಯದೇ ವಾಸಿ.

ಮೊಣಕಾಲು

ಬೋಲ್ಟ್ ಹಾಕುವ ಗಡಿಬಿಡಿಯಲ್ಲಿ ಕ್ಲೀಟ್ ಮೊದಲು ಎಲ್ಲಿತ್ತು ಎಂದು ಗುರುತು ಇಟ್ಟುಕೊಳ್ಳಲಿಲ್ಲ. ಅಂದಾಜಿನಲ್ಲಿ ಕೂರಿಸಿದೆ. ಮುಂದಿನ ಸವಾರಿಯಲ್ಲಿ ಇಪ್ಪತ್ತು ಕಿ.ಮೀ. ಆಗುವಷ್ಟರಲ್ಲಿ ಎಡ ಮೊಣಕಾಲಿನ ಒಳಮಗ್ಗುಲು ನೋವು ಶುರು. ಕ್ಲೀಟ್ ಓರೆಯಾಗಿ ಕೂತರೆ ಪಾದ ತನ್ನ ಇಷ್ಟದ ಕೋನಕ್ಕೆ ಹೋಗಲಾಗದೆ ಆ ತಿರುವನ್ನು ಮೊಣಕಾಲು ಹೊರಬೇಕಾಗುತ್ತದೆ; ಗಂಟೆಗೆ ನಾಲ್ಕೈದು ಸಾವಿರ ಸಲ. ಆದ್ದರಿಂದ ಬಿಚ್ಚುವ ಮೊದಲು ಕ್ಲೀಟಿನ ಅಂಚಿನ ಸುತ್ತ ಮಾರ್ಕರಿನಿಂದ ಗೆರೆ ಎಳೆಯಿರಿ. ಮನೆಯಲ್ಲಿ ಉಗುರು ಬಣ್ಣ ಇದ್ದರೆ ಇನ್ನೂ ಒಳ್ಳೆಯದು, ತೊಳೆದರೂ ಹೋಗುವುದಿಲ್ಲ.

ಗುರುತೇ ಇಲ್ಲದಿದ್ದರೆ ಎತ್ತರದ ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಡಿ. ಪಾದಗಳು ತಾವಾಗಿ ಎತ್ತ ಮುಖ ಮಾಡುತ್ತವೆ ನೋಡಿ, ಕ್ಲೀಟನ್ನು ಆ ಕೋನಕ್ಕೆ ಕೂರಿಸಿ. ಹಿಂದೆ ಮುಂದೆ ಎಷ್ಟು ಎಂದರೆ, ಬೂಟು ಹಾಕಿಕೊಂಡೇ ಹೆಬ್ಬೆರಳಿನ ಬುಡದ ಗೆಣ್ಣನ್ನು ಹೊರಗಿನಿಂದ ಮುಟ್ಟಿ ಗುರುತು ಮಾಡಿ, ಕ್ಲೀಟಿನ ನಡು ಅದರ ಕೆಳಗೆ ಅಥವಾ ತುಸು ಹಿಂದೆ ಬರಲಿ. ಉದ್ದ ಏರಿನಲ್ಲಿ ಅಂಗಾಲು ಉರಿದು ಬೆರಳು ಜೋಮು ಹಿಡಿದರೆ ಇನ್ನೂ ಎರಡು ಮಿ.ಮೀ. ಹಿಂದಕ್ಕೆ ತನ್ನಿ, ಬೂಟಿನ ಪಟ್ಟಿ ಒಂದು ಮನೆ ಸಡಿಲಿಸಿ. ಬಿಸಿಲಿಗೆ ಪಾದ ಊದುತ್ತದೆ, ಬೆಳಗಿನ ಬಿಗಿ ಹನ್ನೊಂದು ಗಂಟೆಗೆ ಸಲ್ಲುವುದಿಲ್ಲ.

ಮೊಣಚಿಪ್ಪಿನ ಮುಂದೆ ನೋವಿದ್ದರೆ ಸೀಟು ತಗ್ಗಾಗಿದೆ, ಹಿಂದೆ ಮಡಚುವಲ್ಲಿದ್ದರೆ ಎತ್ತರವಾಗಿದೆ ಎಂದು ಹಿಡಿದು ನೋಡಿ. ಪೆಡಲ್ ಮತ್ತು ಬೂಟು ಬದಲಾದಾಗ ಅಟ್ಟೆ ಮತ್ತು ಪೆಡಲಿನ ದಪ್ಪವೂ ಬದಲಾಗಿರುತ್ತದೆ, ಸೀಟಿನ ಎತ್ತರ ಕೆಲವು ಮಿ.ಮೀ. ಹೆಚ್ಚು ಕಡಿಮೆ ಮಾಡಲೇಬೇಕಾಗುತ್ತದೆ. ಇಷ್ಟು ಮಾಡಿಯೂ ನೋವು ಉಳಿದರೆ ಪಾನಾ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗಿ.

ಕೊನೆಯ ಸುತ್ತು

ಎಲ್ಲ ಬಿಗಿದು, ಗುರುತು ಹಾಕಿ, ಸೀಟಿನ ಕೆಳಗಿನ ಚೀಲದಲ್ಲಿ ಎರಡು ಹೆಚ್ಚಿನ ಕ್ಲೀಟ್ ಬೋಲ್ಟು, 4 ಮಿ.ಮೀ. ಕೀ ಇಟ್ಟುಕೊಂಡು ಮುಂದಿನ ಭಾನುವಾರ ಮತ್ತೆ ಅಷ್ಟೂರಿಗೆ ಇಳಿದೆ. ತಿರುಗಿ ಬರುವಾಗ ಅದೇ ಏರು, ಅದೇ ಗೇರು. ‘ಕಟ್’ ಇಲ್ಲ, ‘ಕರ್ರ್’ ಇಲ್ಲ. ಅರ್ಧ ಹತ್ತಿದಾಗ, ಬೇರೆ ಎಲ್ಲ ಸುಮ್ಮನಾದ್ದರಿಂದಲೇ ಕೇಳಿಸಿತೋ ಏನೋ, ‘ಟಿಕ್’. ಒಂದು, ಎರಡು, ಮೂರು ಸುತ್ತು, ಮತ್ತೆ ‘ಟಿಕ್’. ಇಳಿದು ಸೈಕಲ್ಲನ್ನು ಗೋಡೆಗೆ ಒರಗಿಸಿ ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸಿದೆ. ಹಿಂದಿನ ಗೇರಿನ ಸಣ್ಣ ಗಾಲಿಯ ಹತ್ತಿರ ಚೈನಿನ ಒಂದು ಕೊಂಡಿ ಮಡಚದೆ ಗೂನು ಬೆನ್ನಿನಂತೆ ಎದ್ದು ಹೋಗುತ್ತಿತ್ತು. ಎರಡೂ ಕೈಯ ಹೆಬ್ಬೆರಳಿಟ್ಟು ಅಡ್ಡಡ್ಡ ನಾಲ್ಕು ಸಲ ಬಗ್ಗಿಸಿದೆ, ಸಡಿಲವಾಯಿತು. ಒಂದು ಹನಿ ಎಣ್ಣೆ ಬಿಟ್ಟು, ಕೈ ಒರೆಸಿಕೊಂಡು, ಉಳಿದರ್ಧ ಏರು ಹತ್ತಿದೆ.